ಪಚೂಕಾದವರ ಸೀಟಿ

ಮೊನ್ನೆ ಮೊನ್ನೆಯವರೆಗೂ ನಮ್ಮ ಫ್ರಿಜ್ಜಿನ ತಲೆಯ ಮೇಲೆ ಒಂದು ತಟ್ಟೆ ಕೂತಿತ್ತು. ಬಿಳಿ ಪಿಂಗಾಣಿ ಬಳಿದ ತಗಡಿನ ತಟ್ಟೆ, ಅಂಚಿಗೆ ನೀಲಿ ಗೆರೆ, ಒಂದು ಕಡೆ ಪಿಂಗಾಣಿ ಎದ್ದುಹೋಗಿ ಕಪ್ಪಾಗಿತ್ತು. ಅದು ನಮ್ಮದಲ್ಲ. ಬೇರೆಯವರ ಮನೆಯಿಂದ ತಿಂಡಿ ಹೊತ್ತು ಬಂದ ತಟ್ಟೆಯನ್ನು ಬರಿದಾಗಿ ವಾಪಸು ಕೊಡಬಾರದು ಎನ್ನುವುದು ನಿಮಗೂ ಗೊತ್ತು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಾನು ಮೊದಲ ವಾರ ಮನೆಯಲ್ಲಿ ಕೊಬ್ಬರಿ ಇಲ್ಲ ಎಂದುಕೊಂಡೆ. ಎರಡನೆಯ ವಾರ ಕೊಬ್ಬರಿ ಬಂತು, ಜೊತೆಗೆ ನನಗೆ ಕೈನೋವು ಬಂತು. ಮೂರನೆಯ ವಾರ ಏನೆಂದುಕೊಂಡೆನೋ ಮರೆತಿದ್ದೇನೆ. ಹೀಗೆ ಆರು ವಾರ ಕಳೆಯಿತು. ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಅದು ಮೇಲೆ ಸಣ್ಣಗೆ ಕಟಕಟ ಎನ್ನುತ್ತಿತ್ತು. ಆ ಸದ್ದಿಗೆ ನಾನು ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಿದ್ದೆ. ತೆಗೆದು ಬೇರೆ ಕಡೆ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಡಬಹುದಿತ್ತು.

ಕೊಬ್ಬರಿ, ಕೈನೋವು ಎಲ್ಲ ನೆಪ. ತಟ್ಟೆ ಕೊಟ್ಟವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರು ಡಾನ್ ಚೆಮಾ, ನನ್ನ ಏಳು ವರ್ಷದ ಮಗಳು ಪಲ್ಲವಿಗೆ ಫುಟ್‌ಬಾಲ್ ಕಲಿಸುವವರು. ಈ ಎಂಬತ್ತೊಂಬತ್ತರ ಅಕ್ಟೋಬರಿನ ಆ ಮಂಗಳವಾರ ಸಂಜೆ ಐದು ಗಂಟೆಯ ಹೊತ್ತಿಗೆ ನೆಲ ನಡುಗಿದಾಗ ನಾನು ಮಗಳನ್ನು ಅವರ ಮೈದಾನದಲ್ಲಿ ಬಿಟ್ಟು ಓಡಿಹೋದೆ. ಅವಳಿಗೆ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನೆಮ್ಮದಿಯಾಗಿ ಓದುವುದಿಲ್ಲ. ನನಗೂ ಎಲ್ಲರೂ ಅದನ್ನೇ ಹೇಳುತ್ತಾರೆ: ಏನೂ ಆಗಲಿಲ್ಲವಲ್ಲ, ಬಿಡು. ಹೌದು, ಆಗಲಿಲ್ಲ. ಆದರೆ ಓಡುವಾಗ ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಓಡಿದೆ. ನನ್ನ ನಿದ್ದೆ ಕೆಡಿಸುವುದು ಅದು.

ಡಾನ್ ಚೆಮಾ ಮೆಕ್ಸಿಕೋ ದೇಶದ ಪಚೂಕಾ ಎಂಬ ಊರಿನವರು; ಡಾನ್ ಎಂದರೆ ಅವರ ಕಡೆ ಯಜಮಾನರೇ ಎಂದ ಹಾಗೆ, ಮರ್ಯಾದೆಯ ಮಾತು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ನಮ್ಮ ಯೂನಿಯನ್ ಸಿಟಿಯಲ್ಲಿ ಮೆಕ್ಸಿಕೋದವರಿಗೇನೂ ಬರವಿಲ್ಲ. ರೈಲು ಹಳಿಯ ಆಚೆಯ ಹಳೆಯ ಬೀದಿಗಳಲ್ಲಿ, ನಮ್ಮವರು ಅಮೆರಿಕದ ಹೆಸರು ಕೇಳುವ ಮೊದಲೇ ಬಂದು ನೆಲೆಸಿದವರ ಮೊಮ್ಮಕ್ಕಳಿದ್ದಾರೆ. ಡಾನ್ ಚೆಮಾ ಹಗಲು ಪೈಪು ಮಾಡುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡಿ, ವಾರಕ್ಕೆರಡು ಸಂಜೆ ಪಾರ್ಕಿನಲ್ಲಿ ಮಕ್ಕಳ ಹಿಂದೆ ಓಡುತ್ತಾರೆ. ಐವತ್ತೈದು ದಾಟಿದ ಕುಳ್ಳ ಮನುಷ್ಯ. ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ. ಅದನ್ನು ಊದಿದರೆ ಫ್ರೀವೇಯಲ್ಲಿ ಹೋಗುವ ಲಾರಿಯವನೂ ಒಂದು ಸಲ ಬ್ರೇಕಿನ ಮೇಲೆ ಕಾಲಿಡಬೇಕು.

ನಮ್ಮಿಬ್ಬರ ಗುರುತು ಬೆಳೆದದ್ದು ತಿಂಡಿಯಿಂದ. ಎರಡು ವರ್ಷದ ಹಿಂದೆ ಒಂದು ಸಂಜೆ ಅವರು ಇದೇ ತಟ್ಟೆಯಲ್ಲಿ ಬಟ್ಟೆ ಮುಚ್ಚಿ ಏನೋ ತಂದಿದ್ದರು. ಬಟ್ಟೆ ಸರಿಸಿದರೆ ಅರ್ಧಚಂದ್ರಾಕಾರ, ಅಂಚನ್ನು ಜಡೆಯ ಹಾಗೆ ಮಡಿಸಿದೆ. ಕರ್ಜಿಕಾಯಿ! ಗಾತ್ರ ಮಾತ್ರ ಅಂಗೈಯಷ್ಟು. ಪಾಸ್ತೆ ಅಂತ ಇದರ ಹೆಸರು ಎಂದರು. ನಾವು ಮಾಂಸ ತಿನ್ನುವುದಿಲ್ಲವೆಂದು ಅವರ ಹೆಂಡತಿ ನಮಗೆಂದೇ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ ತುಂಬಿ ಬೇರೆ ಮಾಡಿದ್ದರಂತೆ.

"ಇದು ನಿಜವಾಗಿ ಇಂಗ್ಲಿಷರ ತಿಂಡಿ, ಸೆನ್ಯೋರಾ. ಗಣಿ ಕೆಲಸದವರದು. ಅವರ ಕೈಯಲ್ಲಿ ಗಣಿಯ ವಿಷ ಅಂಟಿರುತ್ತೆ. ಅದಕ್ಕೇ ಈ ಅಂಚು. ಅಂಚು ಹಿಡಿದುಕೊಂಡು ತಿನ್ನಬೇಕು, ಆಮೇಲೆ ಅಂಚನ್ನ ಎಸೀಬೇಕು," ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದರು.

ಈ ಮಾತನ್ನು ನಾನು ಎಂಟನೆಯ ವಯಸ್ಸಿನಲ್ಲಿ ಕೇಳಿದ್ದೆ. ಕೋಲಾರದ ಚಿನ್ನದ ಗಣಿಯಲ್ಲಿ, ನಮ್ಮ ಸಾಲುಮನೆಯ ಕೊನೆಯಲ್ಲಿದ್ದ ಆಗ್ನೆಸ್ ಆಂಟಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು. ಅಮ್ಮನಿಗೆ ಗೊತ್ತಾಗದಂತೆ ನನಗೆ ಆಂಟಿ ಒಂದು ತುಂಡು ಕೊಟ್ಟಿದ್ದರು, ಇದೇ ಆಕಾರ, ಇದೇ ಅಂಚು. ನಾನು ಅದನ್ನು ಡಾನ್ ಚೆಮಾಗೆ ಹೇಳಿದೆ.

"ನಿಮ್ಮೂರಲ್ಲೂ ಗಣಿಯಾ?"

"ಚಿನ್ನದ್ದು. ನಮ್ಮಪ್ಪ ಒಳಗೆ ಎಲೆಕ್ಟ್ರಿಷಿಯನ್ ಆಗಿದ್ದರು."

"ನಮ್ಮದು ಬೆಳ್ಳಿ. ನಮ್ಮಪ್ಪ ಪಂಪು ನೋಡ್ಕೋತಿದ್ರು." ಆಮೇಲೆ ಕಣ್ಣು ಸಣ್ಣ ಮಾಡಿ, "ಎಷ್ಟು ಆಳ?" ಎಂದರು.

"ಹತ್ತು ಸಾವಿರ ಅಡಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಸೆನ್ಯೋರಾ, ಸುಳ್ಳು ಹೇಳಬಾರದು. ಮಕ್ಕಳು ಕೇಳಿಸಿಕೊಳ್ತಾರೆ."

ಅಲ್ಲಿಂದ ನಮ್ಮ ನಡುವೆ ಊರಿನ ಪಂದ್ಯ ಶುರುವಾಯಿತು. ಮಕ್ಕಳು ಚೆಂಡಿನ ಹಿಂದೆ, ನಾವಿಬ್ಬರು ಬೆಂಚಿನ ಹತ್ತಿರ. ಅವರು ತಮ್ಮೂರಿನ ಚೌಕದಲ್ಲಿರುವ ಗಡಿಯಾರದ ಗೋಪುರ ಎತ್ತಿದರೆ, ನಾನು ಬೆಂಗಳೂರಿಗಿಂತ ಮೊದಲೇ ನಮ್ಮೂರಿಗೆ ಬಂದ ವಿದ್ಯುತ್ ದೀಪ ಎತ್ತುತ್ತಿದ್ದೆ. ಅವರ ಪಟ್ಟಿ ಮುಗಿಯುತ್ತಿರಲಿಲ್ಲ: ಸ್ಪೇನಿನವರು ನಾನೂರು ವರ್ಷದ ಹಿಂದೆ ಅಗೆದ ಬೆಳ್ಳಿಯ ಬಾವಿಗಳು, ಬೆಟ್ಟಕ್ಕೆ ಅಂಟಿಕೊಂಡು ಹತ್ತುವ ಬಣ್ಣಬಣ್ಣದ ಮನೆಗಳು, ಟೋಪಿ ನಿಲ್ಲಗೊಡದ ಗಾಳಿ, ಮೇಲಿನ ಹಳ್ಳಿಯಲ್ಲಿ ಎಲ್ಲ ಗೋರಿಗಳೂ ಇಂಗ್ಲೆಂಡಿನ ಕಡೆ ಮುಖ ಮಾಡಿ ಮಲಗಿರುವ ಸ್ಮಶಾನ. ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್ ಎಂಬ ಕಡೆಯಿಂದ ಉಗಿಯ ಪಂಪು ಹೊತ್ತು ಬಂದವರು ಭಾನುವಾರ ಹೊತ್ತು ಹೋಗದೆ ಚೆಂಡು ಒದ್ದರಂತೆ. ಇಡೀ ದೇಶದ ಮೊದಲ ಫುಟ್‌ಬಾಲ್ ಕ್ಲಬ್ಬು ಹಾಗೆ ಹುಟ್ಟಿತಂತೆ. ನಮ್ಮ ಗಣಿಗೂ ಅದೇ ಕಾರ್ನ್‌ವಾಲಿನವರು ಬಂದಿದ್ದರು. ಒಂದೇ ಮೂಲೆಯ ಜನ ಪ್ರಪಂಚದ ಎರಡು ಕಡೆ ಹೋಗಿ, ಇದ್ದದ್ದನ್ನೆಲ್ಲ ಅಗೆದುಕೊಂಡು, ಅದೇ ಕರ್ಜಿಕಾಯಿ, ಅದೇ ಚೆಂಡು, ಗಣಿಯ ಅದೇ ಸೈರನ್ನು ಬಿಟ್ಟು ಹೋಗಿದ್ದರು.

ಡಾನ್ ಚೆಮಾಗೆ ಒಂದು ದೊಡ್ಡ ನೋವಿತ್ತು. ಎಂಬತ್ತಾರರಲ್ಲಿ ವಿಶ್ವಕಪ್ ಅವರ ದೇಶದಲ್ಲೇ ನಡೆದಾಗ ಯಾವ ಯಾವ ಊರಿಗೋ ಪಂದ್ಯ ಕೊಟ್ಟರು, ಪಚೂಕಾಗೆ ಒಂದೂ ಕೊಡಲಿಲ್ಲ. "ಹೆತ್ತ ತಾಯಿಯನ್ನ ಮಗಳ ಮದುವೆಗೆ ಕರೆಯದ ಹಾಗೆ," ಎನ್ನುತ್ತಿದ್ದರು. ಅವರ ಊರಿನ ತಂಡ ಎರಡನೆಯ ದರ್ಜೆಯಲ್ಲಿ ಬಿದ್ದಿತ್ತು. ಪ್ರತಿ ವರ್ಷವೂ ಮೇಲಕ್ಕೆ ಹೋಗುವ ವರ್ಷವೇ. ಭಾನುವಾರ ಅಣ್ಣನಿಗೆ ಫೋನು ಮಾಡಿ ಸ್ಕೋರು ಕೇಳುವುದು, ಮಂಗಳವಾರ ನನಗೆ ಹೇಳುವುದು, "ರೆಫರಿ ಸರಿಯಿಲ್ಲ" ಎನ್ನುವುದು.

ಆದರೆ ಊರು ಮಾತ್ರ ಬೆಳೆಯುತ್ತಿತ್ತು. ಅವರ ಅಣ್ಣನ ಕಾಗದ ಬಂದ ವಾರ ಡಾನ್ ಚೆಮಾ ಎರಡು ಇಂಚು ಎತ್ತರವಾಗುತ್ತಿದ್ದರು. ಹೊಸ ಬಡಾವಣೆ ಬಂತು, ಕಾಲೇಜಿಗೆ ಹೊಸ ಕಟ್ಟಡ ಬಂತು, ರಾಜಧಾನಿಗೆ ಹೋಗುವ ರಸ್ತೆ ಅಗಲವಾಯಿತು, ಪಕ್ಕದ ಬಯಲಿನ ಬಸ್ಸು ಕಟ್ಟುವ ಕಾರ್ಖಾನೆಗೆ ಅಣ್ಣನ ಮಗ ಸೇರಿದ. ಎಂಬತ್ತೈದರಲ್ಲಿ ರಾಜಧಾನಿಯಲ್ಲಿ ಭೂಕಂಪವಾದ ಮೇಲಂತೂ ಅಲ್ಲಿಂದ ಜನ ಗಂಟುಮೂಟೆ ಕಟ್ಟಿಕೊಂಡು ಪಚೂಕಾಗೆ ಬರತೊಡಗಿದರಂತೆ. "ಯಾಕೆ ಹೇಳಿ? ನಮ್ಮದು ಬಂಡೆ. ಅಲುಗೋದಿಲ್ಲ," ಎಂದು ನೆಲವನ್ನು ಬೂಟಿನಿಂದ ತಟ್ಟಿ ತೋರಿಸುತ್ತಿದ್ದರು, ಯೂನಿಯನ್ ಸಿಟಿಯ ನೆಲವನ್ನು. ನನ್ನ ಅಮ್ಮನ ಕಾಗದದಲ್ಲಿ ಬೇರೆ ಸುದ್ದಿ ಇರುತ್ತಿತ್ತು: ಗಣಿಗೆ ಇಳಿಯುವ ಇಂಥ ಶಾಫ್ಟು ಮುಚ್ಚುತ್ತಾರಂತೆ, ಇಂಥವರ ಮಗ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾನಂತೆ. ನಾನು ಅದನ್ನು ಹೇಳದೆ, "ನಮ್ಮೂರೂ ಬೆಳೀತಿದೆ" ಎಂದುಬಿಡುತ್ತಿದ್ದೆ. ಎರಡು ಗೋಲು ಹಿಂದಿರುವವರು ಇನ್ನೇನು ಮಾಡುತ್ತಾರೆ?

ಒಂದು ವಿಷಯವನ್ನು ಮಾತ್ರ ನಾವಿಬ್ಬರೂ ಎಂದೂ ಪಂದ್ಯಕ್ಕೆ ಇಡಲಿಲ್ಲ. ಅದೇ ನೆಲ ನಡುಗುವುದು.

ಆಳದ ಗಣಿಯಲ್ಲಿ ಬಂಡೆ ಒತ್ತಡ ತಾಳಲಾರದೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಮೇಲಿದ್ದವರಿಗೆ ಕಾಲ ಕೆಳಗೆ ಧಡ್ ಎಂದು ಒಂದು ಗುದ್ದು, ಗೂಡಿನ ಪಾತ್ರೆಗಳ ಕಟಕಟ, ಆಮೇಲೆ ಒಂದು ಕ್ಷಣ ಇಡೀ ಊರಿನ ಮೌನ, ಆಮೇಲೆ ಸೈರನ್ನು. ಮನೆ ಬೀಳುವುದಿಲ್ಲ. ಮನೆಯಲ್ಲಿದ್ದವರಿಗೆ ಏನೂ ಆಗುವುದಿಲ್ಲ. ಆದದ್ದು ಕೆಳಗಿದ್ದವರಿಗೆ. ಹೀಗಾಗಿ ನಮ್ಮೂರಿನ ಹೆಂಗಸರು ನೆಲ ನಡುಗಿದಾಗ ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಲೆಯ ಮೇಲಿನ ಅನ್ನ ಹಾಗೆಯೇ, ತೊಟ್ಟಿಲ ಮಗು ಹಾಗೆಯೇ. ನನ್ನ ಅಮ್ಮ ನನ್ನನ್ನು ಪಕ್ಕದ ಮನೆಯ ಕಡೆ ತಳ್ಳಿ, "ಪಳನಿಯಮ್ಮಾ, ಇವಳ್ನ ನೋಡ್ಕೋ" ಎಂದು ಕೂಗುತ್ತಾ ಆಗಲೇ ಬೀದಿಯ ತಿರುವಿನಲ್ಲಿರುತ್ತಿದ್ದಳು, ಬರಿಗಾಲಿನಲ್ಲಿ. ಶಾಫ್ಟಿನ ಬಾಯಿಯ ಹತ್ತಿರ ಒಂದು ಹಲಗೆ. ಕೆಳಗಿಳಿದವರ ಹಿತ್ತಾಳೆ ಬಿಲ್ಲೆಗಳು ಅದರ ಮೊಳೆಗಳಲ್ಲಿ ನಂಬರಿನ ಪ್ರಕಾರ ತೂಗುತ್ತಿರುತ್ತವೆ. ಮೇಲೆ ಬಂದವನು ತನ್ನ ಬಿಲ್ಲೆ ತೆಗೆದುಕೊಳ್ಳುತ್ತಾನೆ. ಮೊಳೆ ಖಾಲಿಯಾದರೆ ಮನುಷ್ಯ ಬಂದ. ಅಮ್ಮ ಅಪ್ಪನ ನಂಬರಿನ ಮೊಳೆಯನ್ನೇ ನೋಡುತ್ತಾ ನಿಂತಿರುತ್ತಿದ್ದಳಂತೆ. ಅಪ್ಪ ಪ್ರತಿ ಸಲವೂ ಬಂದರು. ಬಾರದವರ ಮನೆಗಳೂ ನಮ್ಮ ಸಾಲಿನಲ್ಲಿದ್ದವು.

ನಾನು ಹೇಗಿರುತ್ತಿದ್ದೆ ಎಂದರೆ, ಪಳನಿಯಮ್ಮನ ಜಗುಲಿಯ ಕಂಬ ಹಿಡಿದು ಅಮ್ಮ ಹೋದ ತಿರುವನ್ನೇ ನೋಡುತ್ತಿದ್ದೆ. ಅಳುತ್ತಿರಲಿಲ್ಲ. ಇದು ಇರುವ ರೀತಿಯೇ ಹೀಗೆ ಎಂದುಕೊಂಡಿದ್ದೆ.

ಈಗ ಅಕ್ಟೋಬರಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅದನ್ನು ತಪ್ಪಿಸಲಿಕ್ಕೇ ಎಂದು ನಿಮಗೆ ಅನ್ನಿಸಿದ್ದರೆ ಅದೂ ಸರಿ.

ಆ ಸಂಜೆ ಗಾಳಿಯೇ ಇರಲಿಲ್ಲ. ಪಲ್ಲವಿ ಗೋಲಿನಲ್ಲಿ ನಿಂತಿದ್ದಳು, ಬೆವರುತ್ತದೆಂದು ತನ್ನ ಹಳದಿ ಸ್ವೆಟರನ್ನು ನನ್ನ ಕೈಗೆ ಕೊಟ್ಟಿದ್ದಳು. ನಾನು ಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟಿದ್ದೆ. ನನ್ನ ಗಂಡ ಶ್ರೀಧರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಮಾಡುತ್ತಾರೆ. ದಿನಾ ನಾಲ್ಕೂ ಮುಕ್ಕಾಲಿಗೆ ಆಫೀಸು ಬಿಟ್ಟು ಐದಕ್ಕೆ ರೈಲಿನಲ್ಲಿ, ಕೊಲ್ಲಿಯ ನೀರಿನ ಕೆಳಗಿನ ಸುರಂಗದಲ್ಲಿ ಇರುತ್ತಾರೆ. ನಾನು ಪ್ರತಿದಿನ ಐದಕ್ಕೆ ಒಂದು ಸಲ ಗಡಿಯಾರ ನೋಡುತ್ತೇನೆ, ಐದೂ ಕಾಲಿಗೆ ಮತ್ತೊಂದು ಸಲ. ಯಾಕೆಂದು ಅವರಿಗೆ ಹೇಳಿಲ್ಲ.

ಗಡಿಯಾರ ನೋಡಿ ಎರಡು ನಿಮಿಷ ಆಗಿರಬೇಕು, ಪಾದದ ಕೆಳಗೆ ಗುದ್ದಿತು.

ನಾನು ಬಿ.ಎಸ್ಸಿ.ಯಲ್ಲಿ ಭೂಗರ್ಭಶಾಸ್ತ್ರ ಓದಿದವಳು. ಭೂಕಂಪಕ್ಕೂ ಗಣಿಯ ಬಂಡೆ ಸಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ಚಿತ್ರ ಸಹಿತ ಬರೆದು ಹತ್ತಕ್ಕೆ ಎಂಟು ತೆಗೆದುಕೊಂಡವಳು. ಇಲ್ಲಿಗೆ ಬಂದ ಮೇಲೆ ಭೂಕಂಪದಲ್ಲಿ ಏನು ಮಾಡಬೇಕೆಂಬ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದವಳೂ ನಾನೇ. ನನ್ನ ಕಾಲು ಇವರಾರನ್ನೂ ಕೇಳಲಿಲ್ಲ. ಕೆಳಗೆ ಏನೋ ಆಯಿತು, ಕೆಳಗಿರುವುದು ಯಾರು, ಎಂದಿತು. ಅಷ್ಟೇ. ನೆಲ ಇನ್ನೂ ಹೊಯ್ದಾಡುತ್ತಿತ್ತು, ಪಾರ್ಕಿನ ದೀಪದ ಕಂಬಗಳು ಕಬ್ಬಿನ ಜಲ್ಲೆಯ ಹಾಗೆ ಓಲಾಡುತ್ತಿದ್ದವು. ನಾನು ರಸ್ತೆಗೆ ಬಂದಿದ್ದೆ. ಹಿಂದಿನಿಂದ ಡಾನ್ ಚೆಮಾ ಅವರ ಸೀಟಿ ಕೇಳಿಸಿತು. ಉದ್ದಕ್ಕೆ, ನಿಲ್ಲಿಸದೆ ಊದುತ್ತಿದ್ದರು. ಅದು ನನ್ನ ಕಿವಿಗೆ ಸೈರನ್ನಾಯಿತು. ಸೈರನ್ನು ಕೇಳಿದ ಮೇಲೆ ಯಾರಾದರೂ ನಿಲ್ಲುತ್ತಾರೆಯೇ? ಇನ್ನೂ ಜೋರಾಗಿ ಓಡಿದೆ.

ಸ್ಟೇಷನ್ನು ಅಲ್ಲಿಂದ ಮುಕ್ಕಾಲು ಮೈಲಿ. ಕಾರು ಪಾರ್ಕಿನ ಪಕ್ಕದಲ್ಲೇ ನಿಂತಿತ್ತು, ಬೀಗದ ಕೈ ಬೆಂಚಿನ ಮೇಲಿನ ಚೀಲದಲ್ಲಿತ್ತು. ನಮ್ಮೂರಲ್ಲಿ ಶಾಫ್ಟಿಗೆ ಯಾರು ಕಾರಿನಲ್ಲಿ ಹೋಗುತ್ತಿದ್ದರು? ಸಿಗ್ನಲ್ಲುಗಳೆಲ್ಲ ಆರಿದ್ದವು. ಮನೆಗಳಿಂದ ಹೊರಗೆ ಬಂದ ಜನ ಹುಲ್ಲಿನ ಮೇಲೆ ನಿಂತು, ಬರಿಗಾಲಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಓಡುವ ಹೆಂಗಸನ್ನು ನೋಡಿದರು. ಅವರ ಪಾಲಿಗೆ ಆ ಸಂಜೆಯ ಎರಡನೆಯ ವಿಚಿತ್ರ ನಾನೇ ಇರಬೇಕು.

ಇನ್ನೊಂದು ತಮಾಷೆ ಕೇಳಿ. ಯೂನಿಯನ್ ಸಿಟಿಯ ಸ್ಟೇಷನ್ನಿನಲ್ಲಿ ರೈಲು ನೆಲದ ಕೆಳಗಿಲ್ಲ, ಕಂಬಗಳ ಮೇಲಿದೆ. ಮೆಟ್ಟಿಲು ಹತ್ತಿ ಹೋಗಬೇಕು. ನಾನು ಮುಚ್ಚಿದ ಗೇಟಿನ ಮುಂದೆ ನಿಂತು, ಮೇಲಿನಿಂದ ಬರಬೇಕಾದ ಗಂಡನಿಗಾಗಿ ನೆಲ ನೋಡುತ್ತಾ ಕಾದೆ. ಗಾಜಿನ ಗೂಡಿನಲ್ಲಿದ್ದ ನೌಕರ ರೈಲುಗಳೆಲ್ಲ ನಿಂತಿವೆ, ಹಳಿ ಪರೀಕ್ಷೆ ಮಾಡುತ್ತಿದ್ದಾರೆ ಎಂದ. ಸುರಂಗದಲ್ಲಿ ರೈಲು ಇದೆಯೇ ಎಂದು ಕೇಳಿದೆ. "ಗೊತ್ತಿಲ್ಲ, ಮ್ಯಾಮ್," ಎಂದ. ಎಷ್ಟು ಜನ ಹೊರಗೆ ಬಂದರೆಂದು ಲೆಕ್ಕ ಇದೆಯೇ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಯಾರೋ ಕಾರಿನ ಬಾಗಿಲು ತೆರೆದು ರೇಡಿಯೋ ಜೋರಾಗಿಟ್ಟಿದ್ದರು. ಬೇ ಬ್ರಿಜ್ಜಿನ ಒಂದು ತುಂಡು ಬಿದ್ದಿದೆ, ಓಕ್ಲೆಂಡಿನಲ್ಲಿ ಮೇಲಿನ ಫ್ರೀವೇ ಕೆಳಗಿನದರ ಮೇಲೆ ಕೂತಿದೆ. ಪಕ್ಕದಲ್ಲಿದ್ದ ಒಬ್ಬಳು ಅಳತೊಡಗಿದಳು. ಅವಳಿಗೆ ಕಣ್ಣು ಒರೆಸಿಕೊಳ್ಳಲಿ ಎಂದು ನನ್ನ ಕೈಯಲ್ಲಿದ್ದ ಬಟ್ಟೆ ಚಾಚಿದೆ.

ಅದು ಹಳದಿ ಸ್ವೆಟರು.

ಅಷ್ಟೂ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದೆ. ಅದರಲ್ಲಿ ಬೆವರು ಒರೆಸಿಕೊಂಡಿದ್ದೆ. ಅದು ಯಾರದೆಂದು ಆ ಕ್ಷಣದವರೆಗೆ ನೋಡಿರಲಿಲ್ಲ.

ವಾಪಸು ಹೇಗೆ ಹೋದೆನೋ ನೆನಪಿಲ್ಲ. ಆದರೆ ಆ ಓಟದಲ್ಲಿ ಮನಸ್ಸು ಕಂಡ ಚಿತ್ರಗಳೆಲ್ಲ ನೆನಪಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಗೋಲಿನ ಕಬ್ಬಿಣದ ಕಂಬ, ಓಲಾಡುವ ದೀಪ, ಇಷ್ಟು ಹೇಳಿದರೆ ಉಳಿದದ್ದನ್ನು ನೀವೇ ನೋಡಿಕೊಳ್ಳುತ್ತೀರಿ. ನಾನು ಈಗಲೂ ದಿನಾ ನೋಡುತ್ತೇನೆ.

ಕತ್ತಲಾಗುತ್ತಿತ್ತು. ಮೈದಾನದ ನಟ್ಟನಡುವೆ, ಕಂಬ ಮರ ಏನೂ ಹತ್ತಿರವಿಲ್ಲದ ಕಡೆ, ಸುಣ್ಣದ ವೃತ್ತದೊಳಗೆ ಮೂರು ಮಕ್ಕಳು ಕೂತಿದ್ದರು. ಉಳಿದವರನ್ನು ಅವರವರ ಅಪ್ಪ ಅಮ್ಮ ಬಂದು ಕರೆದೊಯ್ದಾಗಿತ್ತು. ಪಲ್ಲವಿಯ ಹೆಗಲ ಮೇಲೆ ಡಾನ್ ಚೆಮಾ ಅವರ ಜಾಕೆಟ್ಟು. ಪಕ್ಕದಲ್ಲಿ ಸರೋಜಕ್ಕ ನಿಂತಿದ್ದರು. ಹಾಸನದವರು, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆ, ಅವರ ಮಗನೂ ಇದೇ ತಂಡದಲ್ಲಿದ್ದಾನೆ. ತಮ್ಮ ಮಗನನ್ನು ಕರೆದೊಯ್ಯಲು ಬಂದವರು ನಾನು ಅಲ್ಲಿಲ್ಲದಿರುವುದನ್ನು ಕಂಡು ನಿಂತುಬಿಟ್ಟಿದ್ದರು.

"ಎಲ್ಲಿ ಹೋಗಿದ್ಯೇ?"

"ಸ್ಟೇಷನ್ನಿಗೆ... ಇವರು ಟ್ರೇನಲ್ಲಿ..."

"ಅಯ್ಯೋ ನಿನ್ನ! ಮಗೂನ ಇಲ್ಲಿ ಬಿಟ್ಟು ಗಂಡನ್ನ ಹುಡುಕ್ಕೊಂಡು ಹೋದ್ಯಾ? ಎಂಥಾ ಸತಿ ಸಾವಿತ್ರಿ ಕಣೇ ನೀನು!"

ಅವರು ಹೆದರಿಕೆಗೆ ಹೇಳಿದ ಮಾತು ಅದು. ಡಾನ್ ಚೆಮಾ ಅಂದು ಮಕ್ಕಳಿಗೆಂದು ತಂದಿದ್ದ ತಟ್ಟೆಯಲ್ಲಿ ಉಳಿದಿದ್ದ ಪಾಸ್ತೆಗಳನ್ನು ತಟ್ಟೆ ಸಮೇತ ನನ್ನ ಕೈಗಿಟ್ಟು, "ಇವತ್ತು ಒಲೆ ಹಚ್ಚಬೇಡಿ, ಗ್ಯಾಸು ಸೋರಬಹುದು" ಎಂದು ಮಾತ್ರ ಹೇಳಿ ಉಳಿದ ಮಕ್ಕಳ ಕಡೆ ತಿರುಗಿದರು. ಪಲ್ಲವಿ ಅಳಲಿಲ್ಲ, ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ. ಜಾಕೆಟ್ಟು ಮಡಿಸಿ ಕೊಟ್ಟು ನನ್ನ ಜೊತೆ ನಡೆದಳು.

ಶ್ರೀಧರ ಮರುದಿನ ಬೆಳಿಗ್ಗೆ ಅದೇ ಸುರಂಗದ ರೈಲಿನಲ್ಲಿ ಕ್ಷೇಮವಾಗಿ ಬಂದರು. ಭೂಕಂಪದ ಹೊತ್ತಿಗೆ ಅವರು ಸುರಂಗದಲ್ಲಿ ಇರಲೇ ಇಲ್ಲ. ಆಫೀಸಿನಲ್ಲಿ ಬೇಸ್‌ಬಾಲ್ ಫೈನಲ್ಸ್ ನೋಡಲು ಟೀವಿ ಇಟ್ಟಿದ್ದರಂತೆ, ಪೀಟ್ಸಾ ತರಿಸಿದ್ದರಂತೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಬೇಸ್‌ಬಾಲಿನ ಬಗ್ಗೆ ಒಂದು ಮಾತೂ ಆಡದ ಮನುಷ್ಯ.

"ನೀವಿಬ್ಬರೂ ಎಲ್ಲಿದ್ರಿ?" ಎಂದು ಕೇಳಿದರು.

"ಪಾರ್ಕಲ್ಲಿ," ಎಂದೆ.

ಪಲ್ಲವಿ ಹಾಲಿನಲ್ಲಿ ಚಮಚ ಆಡಿಸುತ್ತಾ ಕೂತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. ಮತ್ತೆ ಚಮಚ ಆಡಿಸತೊಡಗಿದಳು. ಏಳು ವರ್ಷದ ಮಗು ನನ್ನ ಸುಳ್ಳನ್ನು ಕಾಪಾಡಿತು. ಎರಡು ದಿನವಾದ ಮೇಲೆ ನಾನೇ ಅವರಿಗೆ ಎಲ್ಲ ಹೇಳಿದೆ. "ಗಾಬರಿಯಲ್ಲಿ ಯಾರಿಗೂ ಏನೂ ಹೊಳೆಯಲ್ಲ, ಬಿಡು," ಎಂದರು. ನನಗೆ ಏನೂ ಹೊಳೆಯದೆ ಇದ್ದಿದ್ದರೆ ಒಳ್ಳೆಯದಿತ್ತು. ಹೊಳೆಯಿತು, ತಪ್ಪು ದಿಕ್ಕು ಹೊಳೆಯಿತು.

ಆಮೇಲಿನ ಆರು ವಾರ ಪಲ್ಲವಿಯನ್ನು ಆಟಕ್ಕೆ ಸರೋಜಕ್ಕನ ಕಾರಿನಲ್ಲಿ ಕಳಿಸಿದೆ. ಕೊನೆಗೆ ತಟ್ಟೆಯ ಕಟಕಟ ತಾಳಲಾರದೆ ಹೋದ ಶನಿವಾರ ಕರ್ಜಿಕಾಯಿ ಮಾಡಿ, ತುಂಬಿಸಿಕೊಂಡು, ನಾನೇ ಪಾರ್ಕಿಗೆ ಹೋದೆ. ಡಾನ್ ಚೆಮಾ ಒಂದನ್ನು ತೆಗೆದುಕೊಂಡು ತಿರುಗಿಸಿ ನೋಡಿದರು.

"ಇದು ಯಾವ ಗಣಿಯವರಿಗೆ? ಮಕ್ಕಳಿಗಾ?"

"ಅಂಚು ಎಸೀಬೇಡಿ," ಎಂದೆ.

ತಿಂದರು. ಒಳಗಿನ ಸಿಹಿಗೆ ಹುಬ್ಬೇರಿಸಿದರು. ನಾನು ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿದೆ: "ಅವತ್ತು ನೀವು ಸೀಟಿ ಊದಿ ನನ್ನನ್ನ ಕರೆದಿರಿ. ನಾನು ನಿಲ್ಲಲಿಲ್ಲ. ಕ್ಷಮಿಸಿ."

"ನಿಮ್ಮನ್ನ ಕರೆದೆನಾ?" ಅವರು ಬಾಯಿ ಒರೆಸಿಕೊಂಡರು. "ಇಲ್ಲ, ಸೆನ್ಯೋರಾ. ನೀವು ಓಡೋದು ಕಂಡೆ. ನಮ್ಮಮ್ಮ ಹಾಗೇ ಓಡ್ತಿದ್ರು, ಕೈ ಆಡಿಸದೆ, ಚಪ್ಪಲಿ ಬಿಟ್ಟು. ಅಂಥವರನ್ನ ಕರೆದು ನಿಲ್ಲಿಸೋಕಾಗಲ್ಲ ಅಂತ ನನಗೆ ಗೊತ್ತು. ನಾನು ಊದಿದ್ದು ಮಕ್ಕಳಿಗೆ. ನನ್ನ ಕಡೆ ನೋಡಲಿ, ನಿಮ್ಮ ಕಡೆ ನೋಡದೆ ಇರಲಿ ಅಂತ."

ಮೈದಾನದಲ್ಲಿ ಯಾರೋ ಗೋಲು ಹೊಡೆದರು, ಮಕ್ಕಳು ಕೂಗಿದರು.

"ಎಲ್ಲರೂ ನನ್ನ ಕಡೆ ನೋಡಿದರು," ಎಂದು ಅವರು ಹೇಳಿದರು. "ನಿಮ್ಮವಳು ನೋಡಲಿಲ್ಲ. ಅವಳು ನೀವು ಹೋದ ಆ ಗೇಟಿನ ಕಡೆಯೇ ನೋಡ್ತಿದ್ದಳು, ನೀವು ವಾಪಸು ಬರೋವರೆಗೂ." ಆಮೇಲೆ ನನ್ನ ಮುಖ ನೋಡಿ, ಇನ್ನೊಂದು ಕರ್ಜಿಕಾಯಿ ತೆಗೆದುಕೊಂಡು, ಭಾನುವಾರ ತಮ್ಮೂರ ತಂಡ ಗೆದ್ದಿದೆಯೆಂದೂ ಈ ವರ್ಷ ಮೇಲಕ್ಕೆ ಹೋಗುವುದು ಖಂಡಿತವೆಂದೂ ಹೇಳತೊಡಗಿದರು. ಒಳ್ಳೆಯ ಮನುಷ್ಯ.

ನಿನ್ನೆ ಮಧ್ಯಾಹ್ನ ಮತ್ತೆ ಸ್ವಲ್ಪ ನಡುಗಿತು. ಅಕ್ಟೋಬರಿನಿಂದ ಇಂಥವು ಎಷ್ಟೋ ಆಗಿವೆ, ಬಹಳಷ್ಟು ನಮಗೆ ತಿಳಿಯುವುದೂ ಇಲ್ಲ. ಇದು ತಿಳಿಯುವಂಥದ್ದು. ಶ್ರೀಧರ ಗ್ರೋಸರಿಗೆ ಹೋಗಿದ್ದರು. ನಾನು ಹೆಂಚಿನ ಮುಂದೆ ದೋಸೆ ಹುಯ್ಯುತ್ತಿದ್ದೆ, ಪಲ್ಲವಿ ಊಟದ ಮೇಜಿನ ಮೇಲೆ ಬಣ್ಣ ಹಚ್ಚುತ್ತಿದ್ದಳು. ಲೋಟಗಳು ಒಂದಕ್ಕೊಂದು ತಾಗಿದವು. ಅವಳು ಸ್ಕೂಲಿನಲ್ಲಿ ಕಲಿಸಿದಂತೆ ಸರಕ್ಕನೆ ಮೇಜಿನ ಕೆಳಗೆ ನುಗ್ಗಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಒಲೆ ಆರಿಸಿದೆ. ನಿಂತೆ. ಎಲ್ಲಿ ನಿಂತೆನೆಂದರೆ, ಬಾಗಿಲಿಗೂ ಮೇಜಿಗೂ ನಡುವೆ.

ಮೇಜಿನ ಕೆಳಗಿನಿಂದ ಅವಳ ದನಿ ಬಂತು. ಹೆದರಿದ ದನಿಯಲ್ಲ. ಚಿಕ್ಕವರಿಗೆ ದೊಡ್ಡವರು ಹೇಳುವ ದನಿ.

"ಯು ಕೆನ್ ಗೋ, ಅಮ್ಮಾ. ಐ ವಿಲ್ ವೇಟ್ ಹಿಯರ್."

ನಾನು ಮಂಡಿಯೂರಿ ಮೇಜಿನ ಕೆಳಗೆ ತೂರಿದೆ. ತಲೆ ಠಣ್ಣನೆ ತಾಗಿತು. ಮೇಜು ಚಿಕ್ಕದು, ಒಂದು ಮಗುವಿಗೆ ಸರಿಯಾದದ್ದು. ಅವಳು ನನಗೆ ಜಾಗ ಮಾಡಲು ಸ್ವಲ್ಪ ಸರಿದಳು.

"ಆರಂಟ್ ಯು ಗೋಯಿಂಗ್?"

"ಇಲ್ಲ, ಪುಟ್ಟಾ."

"ಅಪ್ಪ ಈಸ್ ಅಟ್ ದ ಸ್ಟೋರ್," ಎಂದಳು, ನನಗೆ ಮರೆತಿದ್ದರೆ ಎಂದು.

"ಗೊತ್ತು."

ನಡುಕ ನಿಂತಿತ್ತು. ಮೇಲೆ ಒಂದು ಬಣ್ಣದ ಕಡ್ಡಿ ಮೇಜಿನ ಅಂಚಿಗೆ ಉರುಳಿ ಕೆಳಗೆ ಬಿತ್ತು. ಅವಳು ಅದನ್ನು ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅವಳು ನನ್ನ ಕಾಲುಗಳನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಮಂಡಿಯಿಂದ ಕೆಳಗೆ ಎರಡೂ ಮೇಜಿನ ಹೊರಗೇ ಇದ್ದವು, ಬಾಗಿಲ ಕಡೆಗೆ.

ಒಂದೊಂದಾಗಿ ಒಳಗೆ ಎಳೆದುಕೊಂಡೆ.